ಹದ ಮಾಡಿದ ನೀರು

ತರಗತಿಯ ಬಟ್ಟೆ ಬೊಂಬೆಗೆ ಹೊಕ್ಕುಳಬಳ್ಳಿಯೆಂದು ಹೊಲಿದಿದ್ದ ಹುರಿ ಅವತ್ತು ಮೂರನೆಯ ಸಲ ಕಿತ್ತುಬಂತು. ಪಟಾಲಮ್ಮ ಕತ್ತರಿಯನ್ನು ತಟ್ಟೆಯಲ್ಲಿಟ್ಟು, "ಪುಣ್ಯವಂತ ಕೂಸು ಕಣವ್ವ ಇದು. ಕುಯ್ಯೋಕೆ ಮುಂಚೇನೇ ಬಳ್ಳಿ ಬಿದ್ದೋಯ್ತು. ಅಳ್ನೂ ಇಲ್ಲ, ಹಾಲೂ ಕೇಳ್ನಿಲ್ಲ," ಎಂದಳು. ಚಾಪೆಯ ಮೇಲೆ ಕುಳಿತಿದ್ದ ಸೂಲಗಿತ್ತಿಯರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಎನ್ನ ಸೊಲ್ರಾಂಗ?" ಏನನ್ನುತ್ತಿದ್ದಾರೆ ಎಂದು ಕೇಳಿದರು ಪಾಠ ಹೇಳುವ ಸಿಸ್ಟರ್ ಅರುಳಮ್ಮ.

ಆದಿಲಕ್ಷ್ಮಿ ಒಂದು ಕ್ಷಣ ಯೋಚಿಸಿ, ಬೊಂಬೆ ಹಳೆಯದಾಗಿದೆ ಎನ್ನುತ್ತಿದ್ದಾರೆ ಎಂದು ತಮಿಳಿನಲ್ಲಿ ಹೇಳಿದಳು. ಅದೇನೂ ಸುಳ್ಳಲ್ಲ. ಎರಡು ಕಡೆಯವರ ಮಾತನ್ನೂ ಸ್ವಲ್ಪ ಸ್ವಲ್ಪ ಒರೆಸಿ ಆ ಕಡೆಯಿಂದ ಈ ಕಡೆಗೆ ದಾಟಿಸುವುದು ಜನವರಿಯಿಂದ ಅವಳಿಗೆ ರೂಢಿಯಾಗಿತ್ತು.

ಅದು ಎರಡನೆಯ ಮಹಾಯುದ್ಧದ ಐದನೆಯ ವರ್ಷ. ಹಲಸೂರು ಕೆರೆಯ ಹಿಂದೆ ಒಂದು ಹೆಂಚಿನ ಮನೆಯನ್ನು ಹಿಡಿದು, ತಾಯಿಮಕ್ಕಳ ಹಿತದ ಸಂಘವೆಂಬುದೊಂದು ಹನ್ನೊಂದು ಹೆಂಗಸರನ್ನು ಕಲೆಹಾಕಿತ್ತು. ಅವರಲ್ಲಿ ಆರು ಮಂದಿ ಅಕ್ಷರ ಬಾರದ ಸೂಲಗಿತ್ತಿಯರು. ಅವರು ಶುಚಿಯಾಗಿ ಹೆರಿಗೆ ಮಾಡಿಸುವುದನ್ನು ಕಲಿಯಬೇಕು. ಉಳಿದ ಐವರು ಓದುಬರಹ ಬಲ್ಲವರು. ಅವರು ಕಲಿತು ಮನೆಮನೆಗೆ ಹೋಗಿ ಬಸುರಿ ಬಾಣಂತಿಯರಿಗೆ ಬುದ್ಧಿ ಹೇಳಬೇಕು. ಅವರಿಗೆ ಆರೋಗ್ಯ ಸಲಹೆಗಾರ್ತಿಯರೆಂದು ಹೆಸರು. ಅರುಳಮ್ಮ ಇಪ್ಪತ್ತು ವರ್ಷ ದಂಡಿನ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದವರು. ಪಾಠವೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ. ಸುತ್ತಲ ಹಳ್ಳಿಗಳ ಸೂಲಗಿತ್ತಿಯರಿಗೆ ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಆದಿಲಕ್ಷ್ಮಿಯದು. ಅವಳು ಇದೇ ಹಲಸೂರಿನಲ್ಲಿ ಎಂಟನೆಯ ತರಗತಿಯವರೆಗೆ ಓದಿದ್ದಳು. ಅಪ್ಪ ಬಿನ್ನಮಂಗಲದಿಂದ ಸೊಪ್ಪಿನ ಗಾಡಿ ಹೊಡೆದುಕೊಂಡು ಬರುವಾಗ ಅವಳನ್ನೂ ಕಟ್ಟುಗಳ ಮೇಲೆ ಕೂರಿಸಿಕೊಂಡು ಬರುತ್ತಿದ್ದ ಕಾಲದಲ್ಲಿ.

ಉಗುರು ಕತ್ತರಿಸಬೇಕು, ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು, ಕತ್ತರಿಯನ್ನೂ ದಾರವನ್ನೂ ಇಪ್ಪತ್ತು ನಿಮಿಷ ಕುದಿಸಬೇಕು.

"ನಿಮಿಷ ಅಂದ್ರೆ ಎಷ್ಟವ್ವ?" ಎಂದು ಪಟಾಲಮ್ಮ ಮೊದಲ ದಿನವೇ ಕೇಳಿದ್ದಳು. "ಒಂದ್ಸಲ ಎಲಡಿಕೆ ಅಗ್ದು ಉಗಿಯೋವಷ್ಟಾ?"

"ಇಪ್ಪತ್ತು ಸಲ ಉಗಿದ್ರೆ ಹೆರೋಳು ಎದ್ದು ಓಡ್ತಾಳೆ ಅಮ್ಮಾಜೀ," ಎಂದಿದ್ದಳು ಶಮೀಮ್. ಶಮೀಮ್ ದಂಡಿನ ಪೇಟೆಯ ದರ್ಜಿಯೊಬ್ಬನ ಮಗಳು. ಆದಿಲಕ್ಷ್ಮಿಗೆ ಆ ತರಗತಿಯಲ್ಲಿ ಸಿಕ್ಕ ಒಬ್ಬಳೇ ಗೆಳತಿ.

ತರಗತಿಗೆ ಬೇಕಾದ ಕುದಿಸಿದ ನೀರು ಬೆಳಗ್ಗೆಯೇ ನೀಲಿ ಅಂಚಿನ ಮುಚ್ಚಳದ ಜಗ್ಗಿನಲ್ಲಿ ಬಂದು ಮೇಜಿನ ಮೇಲೆ ಕೂತಿರುತ್ತಿತ್ತು. ಅದನ್ನು ಬಗ್ಗಿಸಿಕೊಂಡು ಬೊಂಬೆಯ ಹೊಕ್ಕುಳನ್ನು ಒರೆಸುವುದನ್ನು ಅಭ್ಯಾಸ ಮಾಡುತ್ತಿದ್ದರು. ನೀರು ಎಂದೂ ಕೈ ಸುಡುತ್ತಿರಲಿಲ್ಲ. ಅದು ಹೇಗೆ ಆರಿತೆಂದು ಯಾರೂ ಕೇಳಲಿಲ್ಲ.

ಆದಿಲಕ್ಷ್ಮಿ ಈ ತರಬೇತಿಗೆ ಸೇರಿದ್ದು ಒಂದೇ ಒಂದು ಕೂಸಿಗಾಗಿ. ಆ ಕೂಸು ಇನ್ನೂ ಹುಟ್ಟಿರಲಿಲ್ಲ.

ಅವಳ ತಮ್ಮ ಮುನಿಆಂಜನಪ್ಪನ ಹೆಂಡತಿ ಮುನಿವೆಂಕಟಮ್ಮ. ಮನೆಯಲ್ಲಿ ಎಲ್ಲರಿಗೂ ವೆಂಕಟಿ. ಕಗ್ಗದಾಸಪುರದಿಂದ ತಂದ ಹುಡುಗಿ, ವಯಸ್ಸು ಇಪ್ಪತ್ತೆರಡು. ಎರಡು ಗಂಡುಮಕ್ಕಳನ್ನು ಹೆತ್ತಿದ್ದಳು. ಎರಡೂ ದುಂಡಗೆ ಹುಟ್ಟಿ, ಐದಾರು ದಿನ ಚೆನ್ನಾಗಿ ಹಾಲು ಕುಡಿದು, ಆಮೇಲೆ ಬಾಯಿ ಕಚ್ಚಿಕೊಂಡು ಬಿಲ್ಲಿನ ಹಾಗೆ ಬಾಗಿ ತೀರಿಕೊಂಡವು. ಒಂದು ಎಂಟನೆಯ ದಿನಕ್ಕೆ, ಇನ್ನೊಂದು ಏಳನೆಯ ದಿನಕ್ಕೆ. ಗ್ರಹ ಬಡಿಯಿತು ಎಂದರು. ಈಗ ಮೂರನೆಯದಕ್ಕೆ ಏಳನೆಯ ತಿಂಗಳು.

"ಇದೂ ಹಂಗೇ ಆದ್ರೆ ನಾನು ನಮ್ಮಣ್ಣನ ಮಗಳನ್ನ ಇವನಿಗೆ ತಂದ್ಕೊತೀನಿ," ಎಂದು ತಾಯಿ ಪಿಳ್ಳಮ್ಮ ಎಲ್ಲರೂ ಉಣ್ಣಲು ಕುಳಿತಾಗ ಹೇಳಿಬಿಟ್ಟಿದ್ದಳು. ಆ ಅಣ್ಣನ ಮನೆ ಬಾಣಸವಾಡಿ. ಮಗಳ ಹೆಸರು ಗಂಗಲಕ್ಷ್ಮಿ. "ಆಮೇಲೆ ಹೇಳ್ನಿಲ್ಲ ಅನ್ಬ್ಯಾಡಿ."

ಮುನಿಆಂಜನಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ವೆಂಕಟಿ ಮುದ್ದೆಯ ಪಾತ್ರೆಯನ್ನು ಕೆಳಗಿಟ್ಟು, "ಇನ್ನೊಂದು ಇಕ್ಲಾ?" ಎಂದು ಗಂಡನನ್ನು ಕೇಳಿದಳು. ಅವಳ ದನಿ ಎಷ್ಟು ಸಾಧಾರಣವಾಗಿತ್ತೆಂದರೆ ಆದಿಲಕ್ಷ್ಮಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಒಂದು ಮನೆಯಲ್ಲಿ ಬೇಡವಾಗಿ ಉಳಿಯುವುದೆಂದರೆ ಏನೆಂದು ಗೊತ್ತಿತ್ತು. ಈ ಮನೆಯಲ್ಲಿ ಅವಳು ಉಂಡಳೋ ಇಲ್ಲವೋ ಎಂದು ನೋಡುತ್ತಿದ್ದವಳು ವೆಂಕಟಿ ಒಬ್ಬಳೇ.

ಫೆಬ್ರವರಿಯ ಕೊನೆಯಲ್ಲಿ ಅರುಳಮ್ಮ ಕರಿಹಲಗೆಯ ಮೇಲೆ ಒಂದು ಕೂಸಿನ ಚಿತ್ರ ಬರೆದರು. ತಲೆ ಹಿಂದಕ್ಕೆ, ಬೆನ್ನು ಬಿಲ್ಲಾಗಿ, ಮುಷ್ಟಿ ಬಿಗಿದು. ಇದು ಗ್ರಹವಲ್ಲ, ದೃಷ್ಟಿಯಲ್ಲ. ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಒಂದು ವಿಷ. ಕುಡುಗೋಲಿನಿಂದ, ಒಲೆಯ ಬೂದಿಯಿಂದ, ಕೊಳೆನೀರಿನಿಂದ ಹಸಿ ಹೊಕ್ಕುಳಿನ ಮೂಲಕ ಒಳಗೆ ಹೋಗುತ್ತದೆ. ಒಳಗೆ ಹೋದಮೇಲೆ ಏನೂ ಮಾಡುವ ಹಾಗಿಲ್ಲ. ಹೋಗದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಕನ್ನಡದಲ್ಲಿ ಹೇಳುತ್ತ ಹೇಳುತ್ತ ಆದಿಲಕ್ಷ್ಮಿ ಕುಡುಗೋಲು ಎನ್ನುವಲ್ಲಿ ನಿಂತುಬಿಟ್ಟಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಪಟಾಲಮ್ಮ ಅವಳನ್ನೇ ನೋಡುತ್ತಿದ್ದಳು. ವೆಂಕಟಿಯ ಎರಡು ಮಕ್ಕಳ ಬಳ್ಳಿಯನ್ನೂ ಕುಯ್ದವಳು ಅವಳೇ. ಸೊಪ್ಪು ಕೊಯ್ಯುವ ಕುಡುಗೋಲಿನಲ್ಲಿ ಕುಯ್ದು, ಒಲೆಯ ಬೂದಿ ಹಚ್ಚಿದ್ದಳು.

ಮಧ್ಯಾಹ್ನ ಇಬ್ಬರೂ ಮದ್ರಾಸು ರಸ್ತೆಯ ಅಂಚಿನಲ್ಲಿ ಊರ ಕಡೆ ನಡೆಯುತ್ತಿದ್ದರು. ಸೋಲ್ಜರುಗಳ ಲಾರಿಗಳು ಸಾಲಾಗಿ ಧೂಳೆಬ್ಬಿಸಿಕೊಂಡು ಹೋದ ಮೇಲೆ ಪಟಾಲಮ್ಮ ಬಾಯಿಬಿಟ್ಟಳು.

"ಹಂಗಾದ್ರೆ ನಾನೇ ಕೊಂದೆ ಅಂತೀಯಾ?"

"ನಾನು ಅನ್ನಲಿಲ್ಲ ಅಜ್ಜಿ. ಅವರು ಹೇಳಿದ್ದನ್ನ ಹೇಳ್ದೆ."

"ಮುನ್ನೂರು ಕೂಸು ಹಿಡ್ದಿದೀನಿ ಈ ಕೈಯಾಗೆ. ನಿನ್ನೂ ಹಿಡ್ದಿದೀನಿ. ನಿನ್ನ ಬಳ್ಳಿ ಕುಯ್ದಿದ್ದೂ ಅದೇ ಕುಡ್ಲು." ಪಟಾಲಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಎಷ್ಟು ಹೋದ್ವು ಅಂತ ಲೆಕ್ಕ ಇಟ್ಟಿಲ್ಲ ಕಣವ್ವ. ಯಾರೂ ಇಡ್ನಿಲ್ಲ."

ಮಾರನೆಯ ವಾರ ಅವಳು ಆ ಕುಡುಗೋಲನ್ನು ಮಗನ ಹೊಲಕ್ಕೆ ಕೊಟ್ಟುಬಿಟ್ಟಳೆಂದು ಊರಲ್ಲಿ ಸುದ್ದಿಯಾಯಿತು.

ಸಲಹೆ ಹೇಳುವ ಅಭ್ಯಾಸಕ್ಕೆಂದು ಆದಿಲಕ್ಷ್ಮಿ ಮತ್ತು ಶಮೀಮ್ ಹಲಸೂರಿನ ಓಣಿಗಳಲ್ಲಿ ಮನೆಮನೆಗೆ ಹೋಗುತ್ತಿದ್ದರು. ಇವರನ್ನು ಸೂಜಿ ಹಾಕುವವರೆಂದುಕೊಂಡು ಒಬ್ಬಳು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿ, "ಸೂಜಿ ಹಾಕ್ಸಾಯ್ತು, ಹೋಗಿ!" ಎಂದು ಕೂಗಿದಳು. ಇನ್ನೊಬ್ಬಳು ಕೂರಿಸಿ ಮಜ್ಜಿಗೆ ಕೊಟ್ಟು ಎಲ್ಲವನ್ನೂ ಕೇಳಿ, ಕೊನೆಗೆ, "ನಿಮ್ಗೆಷ್ಟು ಮಕ್ಳಮ್ಮ?" ಎಂದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. "ಇವಳಿಗೆ ಗಂಡ ಇಲ್ಲ, ನನಗೆ ನಿಕಾ ಇಲ್ಲ," ಎಂದಳು ಶಮೀಮ್. "ಆದ್ರೂ ನೀರು ಕುದಿಸ್ಕೋ ತಾಯಿ." ಮಜ್ಜಿಗೆ ಕೊಟ್ಟವಳು ತಲೆಯಾಡಿಸಿದಳು. ಎಲ್ಲರೂ ಹಾಗೆಯೇ ತಲೆಯಾಡಿಸುತ್ತಿದ್ದರು, ಬಂದವರು ಬೇಗ ಎದ್ದುಹೋಗಲಿ ಎನ್ನುವ ಹಾಗೆ.

"ಸೌದೆ ಎಲ್ಲಿಂದ ತರ್ತಾರೆ ಹೇಳು ಆದೀ," ಎನ್ನುತ್ತಿದ್ದಳು ಶಮೀಮ್ ಓಣಿಯ ತುದಿಯಲ್ಲಿ. "ಅನ್ನ ಬೇಯಿಸೋಕೇ ಇಲ್ಲ. ನೀರು ಇಪ್ಪತ್ತು ನಿಮಿಷ ಕುದಿಸ್ಬೇಕಂತೆ."

ಆದಿಲಕ್ಷ್ಮಿ ಮಾತ್ರ ಸೌದೆ ಕೂಡಿಹಾಕಿದಳು. ತರಗತಿಯಿಂದ ಬರುವಾಗ ದಾರಿಯ ನೀಲಗಿರಿ ಮರಗಳ ಕೆಳಗಿನ ಪುಳ್ಳೆ ಆರಿಸಿ ತಂದು ಹಿತ್ತಿಲ ಸೂರಿನಡಿ ಒಟ್ಟಿದಳು. ಸಂಘದವರು ಕೊಟ್ಟ, ಕತ್ತರಿ ದಾರಗಳಿದ್ದ ತಗಡಿನ ಪೆಟ್ಟಿಗೆಯನ್ನು ಯಾರೂ ಮುಟ್ಟದ ಹಾಗೆ ಅಟ್ಟದ ಮೇಲಿಟ್ಟಳು. ಹೆರಿಗೆ ಯಾರು ಮಾಡಿಸಬೇಕು ಎಂಬ ಮಾತು ಬಂದಾಗ ಪಿಳ್ಳಮ್ಮ ಮಗಳನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಹೇಳಿದಳು.

"ನೋಡವ್ವ, ಬ್ಯಾಸರ ಮಾಡ್ಕೋಬ್ಯಾಡ. ನೀನು ಅರಿಶಿನ ಕುಂಕುಮ ಇಲ್ದೋಳು. ನಿನ್ನ ಕೈಯಾಗೆ ಮೊದ್ಲು ಕೂಸು ಹಿಡಿಸೋದು ಅಂದ್ರೆ ಜನ ಏನಂದಾರು?"

"ಪಟಾಲಜ್ಜಿಗೂ ಗಂಡ ಇಲ್ಲ."

"ಅವಳು ಸೂಲಗಿತ್ತಿ. ಅವಳ ಮಾತು ಬ್ಯಾರೆ."

"ಎರಡು ಹೋಯ್ತಲ್ಲಮ್ಮ, ಅವಳ ಕೈಯಲ್ಲೇ. ಈ ಸಲ ನನಗೆ ಬಿಡು." ಅವಳು ತಾಯಿಯ ಮುಂದೆ ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ.

ಪಿಳ್ಳಮ್ಮ ಬಾವಿಗೆ ಕೊಡ ಇಳಿಸುತ್ತ, "ಪಟಾಲಿ ಪಕ್ಕದಾಗೆ ಕೂತಿರ್ಲಿ," ಎಂದಳು. ಒಪ್ಪಿಗೆಯೆಂದರೆ ಅಷ್ಟೇ.

ಮೇ ತಿಂಗಳ ಎರಡನೆಯ ವಾರ, ಮುನಿಆಂಜನಪ್ಪ ಸೊಪ್ಪಿನ ಗಾಡಿ ಕಟ್ಟಿಕೊಂಡು ಹಲಸೂರಿಗೆ ಹೋದ ಮೇಲೆ ವೆಂಕಟಿಗೆ ನೋವು ಶುರುವಾಯಿತು. ಆದಿಲಕ್ಷ್ಮಿ ಕೋಣೆಯನ್ನು ಗುಡಿಸಿ, ಒಗೆದು ಒಣಗಿಸಿದ ಸೀರೆ ಹಾಸಿದಳು. ದನದ ಕೊಟ್ಟಿಗೆಯ ಕಡೆಯ ಬಾಗಿಲು ಮುಚ್ಚಿದಳು. ಒಂದು ಒಲೆಯ ಮೇಲೆ ಕತ್ತರಿ, ದಾರ, ಬಟ್ಟೆ ತುಂಡುಗಳು. ಇನ್ನೊಂದರ ಮೇಲೆ ದೊಡ್ಡ ತಪ್ಪಲೆಯಲ್ಲಿ ನೀರು. ಮನೆಯಲ್ಲಿ ಗಡಿಯಾರವಿರಲಿಲ್ಲ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅರವತ್ತರವರೆಗೆ ಇಪ್ಪತ್ತು ಸಲ ಎಣಿಸಿದಳು. ನಡುವೆ ವೆಂಕಟಿ ಕೂಗಿದಾಗ ಲೆಕ್ಕ ತಪ್ಪಿತೆನ್ನಿಸಿ ಮತ್ತೆ ಮೂರು ಸಲ ಎಣಿಸಿದಳು.

"ಆಯ್ತು ಬಾರವ್ವ, ಕತ್ತರಿ ಕರಗಿ ಹೋದಾತು," ಎಂದು ಒಳಗಿನಿಂದ ಪಟಾಲಮ್ಮ ಕರೆದಳು. ಅವಳು ಪಿಳ್ಳಮ್ಮ ಹೇಳಿದ್ದ ಹಾಗೆ ವೆಂಕಟಿಯ ಬೆನ್ನಿಗೆ ಒರಗು ಕೊಟ್ಟು ಕುಳಿತಿದ್ದಳು. ಅದರಾಚೆ ಏನನ್ನೂ ಮುಟ್ಟಲಿಲ್ಲ. ಅವಳೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಿದ್ದಳು.

ಹೊತ್ತು ನೆತ್ತಿಗೇರುವ ವೇಳೆಗೆ ಹುಟ್ಟಿತು. ಹೆಣ್ಣು. ಹುಟ್ಟಿದ ಕೂಡಲೇ ಕಿಟಾರನೆ ಕಿರುಚಿಕೊಂಡಿತು. ಆದಿಲಕ್ಷ್ಮಿ ಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾದು, ಎರಡು ಕಡೆ ದಾರ ಬಿಗಿದು, ನಡುವೆ ಕತ್ತರಿಸಿದಳು. ಬೊಂಬೆಯ ಹುರಿಗಿಂತ ಅದು ಎಷ್ಟೋ ಗಟ್ಟಿ. ಕತ್ತರಿ ಎರಡು ಸಲ ಜಾರಿತು.

ಕೂಸಿನ ಹೊಟ್ಟೆಯೆಲ್ಲ ರಕ್ತ, ಬಿಳಿ ಅಂಟು. ಒರೆಸಬೇಕು. ತಪ್ಪಲೆಯ ನೀರು ಹೊಗೆಯಾಡುತ್ತಿತ್ತು. ಆದಿಲಕ್ಷ್ಮಿ ಬೆರಳದ್ದಿ ಸರಕ್ಕನೆ ತೆಗೆದು, ಹಿಂದಿರುಗಿ ನೋಡದೆ, "ಅಮ್ಮಾ, ಹದ ಮಾಡ್ಕೊಡು," ಎಂದಳು.

ಬಾಗಿಲಲ್ಲೇ ನಿಂತಿದ್ದ ಪಿಳ್ಳಮ್ಮ ಚೆಂಬಿನಲ್ಲಿ ತಣ್ಣೀರು ತಂದು ಬೆರೆಸಿದಳು. ಬೇಸಿಗೆಯಲ್ಲಿ ಬಾವಿ ತಳ ಕಂಡಿತ್ತು. ಕೊಡ ಇಳಿಸಿದರೆ ನೀರಿನ ಜೊತೆ ಕೆಂಪು ಬಗ್ಗಡವೂ ಬರುತ್ತಿತ್ತು. ಪಿಳ್ಳಮ್ಮ ತಿಳಿಯಾದದ್ದನ್ನು ಮೇಲಿನಿಂದ ಬಗ್ಗಿಸಿ ತಂದಿದ್ದಳು. ಆದಿಲಕ್ಷ್ಮಿ ಕಲಿತ ಹಾಗೆ ಮೊಣಕೈ ಅದ್ದಿ ನೋಡಿದಳು. ಸರಿಯಾಗಿತ್ತು. ಕುದಿಸಿದ ಬಟ್ಟೆಯ ತುಂಡನ್ನು ಅದರಲ್ಲಿ ಹಿಂಡಿ, ಹೊಕ್ಕುಳಿನ ಸುತ್ತ ಮೆಲ್ಲಗೆ, ಮೂರು ಸಲ ಒರೆಸಿದಳು. ಬೂದಿ ಹಚ್ಚಲಿಲ್ಲ. ಒಣಬಟ್ಟೆ ಸುತ್ತಿ ಕಟ್ಟಿದಳು.

"ಹೆಣ್ಣಾದ್ರೇನು," ಎಂದಳು ಪಿಳ್ಳಮ್ಮ, ಮೊರದಲ್ಲಿ ಮಲಗಿಸಿದ ಕೂಸಿನ ಕಡೆ ಬಗ್ಗಿ. "ಉಳೀಲಿ ಸಾಕು."

ವೆಂಕಟಿ ಅತ್ತಿಗೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮೊದಲ ಐದು ದಿನ ಆದಿಲಕ್ಷ್ಮಿ ತರಗತಿಗೆ ಹೋಗಲಿಲ್ಲ. ಕೂಸು ಎಷ್ಟು ಸಲ ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ಯಿತು ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿದಳು. ಹೊಕ್ಕುಳು ಒಣಗುತ್ತಿತ್ತು, ವಾಸನೆಯಿರಲಿಲ್ಲ. ಆರನೆಯ ದಿನ ಪಿಳ್ಳಮ್ಮ ತಾನಾಗಿಯೇ ವೆಂಕಟಿಗೆ ಮೆಣಸಿನ ಸಾರು ಮಾಡಿಕೊಟ್ಟು, "ಇನ್ನೆಲ್ಡು ದಿನ ಕಳೀಲಿ, ಹೆಸ್ರು ಕರ‍್ಯಾಣ," ಎಂದಳು.

ಏಳನೆಯ ದಿನ ಬೆಳಗ್ಗೆ ವೆಂಕಟಿ ಕರೆದಳು. ದನಿ ಎತ್ತರಿಸಿರಲಿಲ್ಲ.

"ಅತ್ಗೆಮ್ಮ, ಇಲ್ಬನ್ನಿ. ಕಚ್ತಾ ಇಲ್ಲ."

ಕೂಸು ಅಳುತ್ತಿತ್ತು. ಮೊಲೆ ಬಾಯಿಗೆ ತಾಗಿದರೆ ತುಟಿ ಮುಂದೆ ಬರುವುದು, ದವಡೆ ಬಿಡದು. ಆದಿಲಕ್ಷ್ಮಿ ಕಿರುಬೆರಳನ್ನು ತುಟಿಯ ನಡುವೆ ಇಟ್ಟಳು. ವಸಡುಗಳೆರಡೂ ಕೂಡಿಕೊಂಡಿದ್ದವು. ಗೋಡೆಯ ಮೇಲೆ ನಿನ್ನೆಯವರೆಗೆ ಗೀಟುಗಳಿದ್ದವು.

ಗಾಡಿಯಲ್ಲಿ ಹಲಸೂರು, ಅಲ್ಲಿಂದ ಜಟಕಾದಲ್ಲಿ ಆಸ್ಪತ್ರೆ. ದಾರಿಯಲ್ಲಿ ಕುದುರೆಯ ಗೊರಸಿನ ಒಂದೊಂದು ಸದ್ದಿಗೂ ಕೂಸು ಬೆಚ್ಚಿ ಬಾಗುತ್ತಿತ್ತು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಚಮಚದ ಹಿಡಿಯಿಂದ ಬಾಯಿ ತೆರೆಸಲು ನೋಡಿದರು, ಆಗಲಿಲ್ಲ. "ಎಷ್ಟು ದಿನ?" ಎಂದರು. ಏಳು ಎಂದಳು ಆದಿಲಕ್ಷ್ಮಿ. ಅವರು ಚಮಚವನ್ನು ಕೆಳಗಿಟ್ಟು, ಕೋಣೆ ಕತ್ತಲು ಮಾಡಿ, ಸದ್ದಿಲ್ಲದ ಹಾಗೆ ಮಲಗಿಸಲು ಹೇಳಿದರು. ಆ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಎಲ್ಲ ಮುಗಿಯಿತು.

ಹತ್ತು ದಿನ ಬಿಟ್ಟು ಆದಿಲಕ್ಷ್ಮಿ ತರಗತಿಗೆ ಹೋದಳು. ಅರುಳಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಸಂಘಕ್ಕೆ ಕಳಿಸುವ ಕಾಗದ ತುಂಬಬೇಕಿತ್ತು. ಒಂದೊಂದಾಗಿ ಕೇಳಿದರು, ಇವಳು ಒಂದೊಂದಾಗಿ ಹೇಳಿದಳು. ಉಗುರು? ಕತ್ತರಿಸಿದ್ದೆ. ಕತ್ತರಿ? ಇಪ್ಪತ್ತಮೂರು ನಿಮಿಷ. ದಾರ? ಅದರ ಜೊತೆಗೇ. ಬೂದಿ? ಇಲ್ಲ.

"ಒರೆಸಿದ ನೀರು?"

"ಕುದಿಸಿದ್ದು, ಸಿಸ್ಟರ್."

"ಎಷ್ಟು ಹೊತ್ತು ಆರಿಸಿದೆ?"

"ಆರಿಸಲಿಲ್ಲ."

"ಕೂಸಿಗೆ ಸುಡಲಿಲ್ಲವೇ?"

"ಇಲ್ಲ ಸಿಸ್ಟರ್, ಹದ..." ಎಂದು ಆದಿಲಕ್ಷ್ಮಿ ಶುರುಮಾಡಿದಳು. ತಾಯಿಯ ಕೈಯ ಚೆಂಬು ಕಂಡಿತು. ಚೆಂಬಿನ ಬಾಯಿಂದ ನೀರು ಬೀಳುತ್ತಿರುವುದು ಕಂಡಿತು.

ಬಿನ್ನಮಂಗಲದ ಕಡೆಯ ಮನೆಗಳಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸದೆ ಯಾರೂ ಮೈಗೆ ಹಾಕಿಕೊಳ್ಳುವುದಿಲ್ಲ. ಬೆರೆಸದ ನೀರು ಹೆಣಕ್ಕೆ. ಹೆಣಕ್ಕೆ ಮಾತ್ರ ಕಾಯಿಸಿದ ನೀರನ್ನು ಕಾಯಿಸಿದ ಹಾಗೆಯೇ ಹೊಯ್ಯುತ್ತಾರೆ. ಗಂಡ ಹೋದ ದಿನ ಅಂಥ ನೀರಿನ ಕೊಡವನ್ನು ಆದಿಲಕ್ಷ್ಮಿಯೇ ಅಂಗಳಕ್ಕೆ ಹೊತ್ತು ತಂದಿದ್ದಳು. ಕೂಸಿನ ಮುಂದೆ ಆ ತಪ್ಪಲೆ ಹೊಗೆಯಾಡುತ್ತಿದ್ದಾಗ ಅವಳ ಬಾಯಿಂದ ಆ ಮಾತು ಬಂದದ್ದು ರೂಢಿಯಿಂದಲೋ, ಆಗಷ್ಟೇ ಹುಟ್ಟಿದ ಮಗುವಿನ ಮೈಗೆ ತನ್ನ ಕೈಯಿಂದ ಅಂಥ ನೀರು ಬೀಳಬಾರದೆಂಬ ಹೆದರಿಕೆಯಿಂದಲೋ? ಎಷ್ಟು ಕೆದಕಿದರೂ ಅವಳಿಗೆ ಗೊತ್ತಾಗಲಿಲ್ಲ.

"ತಣ್ಣೀರು ಬೆರೆಸಿದೆ," ಎಂದಳು. "ಬಾವಿಯದು."

ಅರುಳಮ್ಮ ಪೆನ್ನು ಕೆಳಗಿಟ್ಟರು. ಎದ್ದು ತರಗತಿಯ ಬಾಗಿಲಿಗೆ ಹೋಗಿ, ಕುದಿಸಿದ ನೀರು ಬಿಸಿಯಾಗಿದ್ದರೆ ಏನು ಮಾಡುತ್ತೀರಿ ಎಂದು ಎಲ್ಲರನ್ನೂ ಕೇಳಿದರು. ಅಷ್ಟು ಕನ್ನಡ ಅವರಿಗೇ ಬರುತ್ತಿತ್ತು.

"ತಣ್ಣೀರು ಬೆರೆಸ್ತೀವಿ," ಎಂದರು ಎಲ್ಲರೂ, ಈ ಹೆಂಗಸಿಗೆ ಅದೂ ತಿಳಿಯದೇ ಎನ್ನುವ ಹಾಗೆ. ಶಮೀಮ್ ಕೂಡ ಹೇಳಿದಳು. ಪಟಾಲಮ್ಮನೂ ಹೇಳಿದಳು.

ಜನವರಿಯಿಂದ ಈ ಹೆಂಗಸರು ಸೇರಿ ನಲವತ್ತರ ಹತ್ತಿರ ಹೆರಿಗೆ ಮಾಡಿಸಿದ್ದರು. ಇವರು ಬುದ್ಧಿ ಹೇಳಿ ಬಂದ ಮನೆಗಳಿಗೆ ಲೆಕ್ಕವಿಲ್ಲ. ಅರುಳಮ್ಮ ಹಿಂದಿರುಗಿ ಬಂದು ಕುಳಿತರು. "ನಮ್ಮ ಅಮ್ಮನೂ ಹಾಗೇ ಮಾಡುತ್ತಿದ್ದಳು," ಎಂದರು ತಮಿಳಿನಲ್ಲಿ. "ಆಸ್ಪತ್ರೆಗೆ ಸೇರಿದ ಮೇಲೆ ಮರೆತೇಹೋಗಿತ್ತು." ಆಮೇಲೆ, "ನೀರೇ ಕಾರಣ ಅಂತ ಹೇಳೋಕಾಗಲ್ಲ. ಇರಬಹುದು. ಇಲ್ಲದೆಯೂ ಇರಬಹುದು," ಎಂದರು.

ಕೊನೆಗೆ ಪೆನ್ನು ತೆಗೆದುಕೊಂಡು, ಕಾರಣ ಎಂದಿದ್ದ ಜಾಗದ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಆದಿಲಕ್ಷ್ಮಿ ಅದನ್ನು ತಲೆಕೆಳಗಾಗಿಯೇ ಓದಿದಳು. ಹಳೆಯ ಕಾಲದ ಸೂಲಗಿತ್ತಿ ಹೆರಿಗೆಯ ಕೋಣೆಯಲ್ಲಿದ್ದಳು ಎಂದಿತ್ತು.

"ಪಟಾಲಮ್ಮ ಮುಟ್ಟಲೇ ಇಲ್ಲ ಸಿಸ್ಟರ್."

"ಕೋಣೆಯಲ್ಲಿ ಇದ್ದಳಲ್ಲ."

"ಇದ್ದಳು. ಆದ್ರೆ..."

"ಮುಂದಿನ ತಿಂಗಳು ಸಂಘದವರು ಬರ್ತಾರೆ. ಈ ತರಗತಿ ಇರಬೇಕೋ ಬೇಡವೋ ಅಂತ ನೋಡೋಕೆ. ಎಲ್ಲರಿಗಿಂತ ಚೆನ್ನಾಗಿ ಕಲಿತವಳ ಕೈಯಲ್ಲಿ ಮಗು ಹೋಯ್ತು ಅಂತ ಬರೀಲಾ? ಮುಚ್ಚಿಬಿಡ್ತಾರೆ. ಆಮೇಲೆ ಈ ನೀರಿನ ವಿಷಯ ನೀನು ಯಾರಿಗೆ ಹೇಳ್ತೀಯಾ?"

ಉತ್ತರ ಕೊಡಲಾಗದ ಮಾತು ನಿಜವೇ ಆಗಿರಬೇಕೆಂದೇನಿಲ್ಲ ಎಂದು ಆದಿಲಕ್ಷ್ಮಿಗೆ ಗೊತ್ತಿತ್ತು. ಆದರೂ ಎದ್ದು ತರಗತಿಗೆ ಹೋಗಿ ಕುಳಿತಳು.

ಪಟಾಲಮ್ಮ ಇನ್ನು ಬರುವುದು ಬೇಡ ಎಂದರು ಅರುಳಮ್ಮ. ಹೇಳುವ ಕೆಲಸವೂ ಆದಿಲಕ್ಷ್ಮಿಗೇ ಬಂತು. ಈ ಸಲ ಅವಳು ಮಾತನ್ನು ಒರೆಸಲಿಲ್ಲ. ಬರೆದದ್ದೇನು, ನಡೆದದ್ದೇನು ಎಂದು ಎರಡನ್ನೂ ಹೇಳಿದಳು. ಮುದುಕಿ ಎಲಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಬಿಡವ್ವ. ಎಲ್ಡು ನಂದೇ ಅಂದ್ಯಲ್ಲ ಅವತ್ತು. ಮೂರು ಅಂದ್ರೆ ಏನ್ ಹೋಯ್ತದೆ," ಎಂದಳು. ಅದು ಕ್ಷಮೆಯೋ ಚುಚ್ಚುಮಾತೋ ತಿಳಿಯಲಿಲ್ಲ. ರಸ್ತೆ ದಾಟುವವರೆಗೆ ಹಿಂದಿರುಗಿ ನೋಡಲೂ ಇಲ್ಲ.

ನೀರನ್ನು ಮುಚ್ಚಿಟ್ಟು ತಾನಾಗಿ ಆರಲು ಬಿಡಬೇಕು ಎಂಬ ಪಾಠ ಮಾರನೆಯ ದಿನದಿಂದಲೇ ಸೇರಿತು. ಒಂದು ವಾರದ ಮೇಲೆ ಶಮೀಮ್ ಬಂದು ಹೇಳಿದಳು: "ಒಬ್ಬಳು ನಾವು ಹೇಳ್ದಂಗೇ ಮುಚ್ಚಿಟ್ಟಿದ್ಳಂತೆ ಆದೀ. ಅವಳತ್ತೆ ಬಂದು ಹೆಣದ ನೀರು ಅಂತ ಚರಂಡಿಗೆ ಚೆಲ್ಲಿದ್ಳಂತೆ. ಸೊಸೆಗೆ ಎರಡು ಬಿಟ್ಳಂತೆ. ಯಾ ಅಲ್ಲಾ, ಸೌದೇನೂ ಹೋಯ್ತು, ನೀರೂ ಹೋಯ್ತು." ಅವಳು ನಗಲು ನೋಡಿದಳು, ಆಗಲಿಲ್ಲ.

ಬಾಣಸವಾಡಿಯಿಂದ ಪಿಳ್ಳಮ್ಮನ ಅಣ್ಣ ಎರಡು ಸಲ ಬಂದುಹೋದ. ಎರಡನೆಯ ಸಲ ಮಗಳ ಸಂಬಂಧಕ್ಕೆಂದು ಎಲೆ ಅಡಿಕೆ ತಂದಿದ್ದ. ಮಾರನೆಯ ದಿನವೇ ಕಗ್ಗದಾಸಪುರದಿಂದ ವೆಂಕಟಿಯ ಅಪ್ಪ ಆದಿನಾರಾಯಣ ಮಗಳನ್ನು ಕರೆದುಕೊಂಡು ಹೋಗಲು ಬಂದ. ಒಂದಷ್ಟು ದಿನ ಇದ್ದು ಬರಲಿ ಎಂದರು. ಎಷ್ಟು ದಿನ ಎಂದು ಯಾರೂ ಬಾಯಿಬಿಡಲಿಲ್ಲ. ಮುನಿಆಂಜನಪ್ಪ ಬೆಳಗ್ಗೆಯೇ ಗಾಡಿ ಕಟ್ಟಿಕೊಂಡು ಹೋಗಿದ್ದ.

ಊರಾಚೆಯ ಹುಣಸೆ ತೋಪಿನವರೆಗೆ ಆದಿಲಕ್ಷ್ಮಿ ಜೊತೆಯಲ್ಲಿ ಹೋದಳು. ಆದಿನಾರಾಯಣ ಗಂಟು ಹೊತ್ತು ಮುಂದೆ ನಡೆಯುತ್ತಿದ್ದ. ತೋಪಿನಲ್ಲಿ ವೆಂಕಟಿ ನಿಂತು, ಬಗ್ಗಿ ಅತ್ತಿಗೆಯ ಕಾಲು ಮುಟ್ಟಲು ಬಂದಳು. ಆದಿಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

"ಬೇಡ ವೆಂಕಟಿ. ಒಂದು ಮಾತಿದೆ. ಕುದಿಸಿದ ನೀರಿಗೆ ಬಾವಿ ನೀರು ಬೆರೆಸು ಅಂದೋಳು ನಾನು. ಬೆರೆಸ್ಬಾರ್ದಿತ್ತು. ಕೂಸು ಅದ್ರಿಂದ್ಲೇ ಹೋಗಿರ್ಬೋದು."

ವೆಂಕಟಿ ಹುಬ್ಬುಗಂಟಿಕ್ಕಿ ನೋಡಿದಳು. ಕೋಪ ಬರುತ್ತದೆಂದು ಆದಿಲಕ್ಷ್ಮಿ ಕಾದಳು. ಕೋಪವಾದರೂ ಬರಲಿ ಎಂದುಕೊಂಡಳು.

"ಬೆರೆಸ್ದೆ ಇನ್ನೇನ್ ಮಾಡ್ತೀರ ಅತ್ಗೆಮ್ಮ?" ಎಂದಳು ವೆಂಕಟಿ. "ಹೆಣಕ್ಕೆ ಹುಯ್ದಂಗೆ ಹುಯ್ಯೋಕಾಯ್ತದಾ ನನ್ನ ಮಗೀಗೆ?"

"ಹಾಗಲ್ಲ. ಮುಚ್ಚಿಟ್ಟು ಆರಿಸ್ಬೇಕು. ಆರೋವರೆಗೆ ಕಾಯ್ಬೇಕು. ತಣ್ಣೀರು ಸೋಕಿಸ್ಬಾರ್ದು..."

ಇಷ್ಟು 'ಬೇಕು' 'ಬಾರದು'ಗಳನ್ನು ವೆಂಕಟಿ ತಲೆಯಾಡಿಸುತ್ತ ಕೇಳಿದಳು. ಹಲಸೂರಿನ ಓಣಿಗಳಲ್ಲಿ ಹೆಂಗಸರು ಆಡಿಸುತ್ತಿದ್ದ ಹಾಗೆಯೇ. ಇದನ್ನು ಯಾವ ಹೆರಿಗೆಗೆಂದು ಇವಳಿಗೆ ಹೇಳುತ್ತಿದ್ದೇನೆ ಎಂದು ಆದಿಲಕ್ಷ್ಮಿಗೆ ಅನ್ನಿಸಿತು.

"ನೀವು ಬಂಗಾರದಂಗೆ ಮಾಡಿದ್ರಿ," ಎಂದಳು ವೆಂಕಟಿ, ಅವಳ ಕೈಯನ್ನು ಸವರುತ್ತ. "ನನ್ನ ಹಣೇಲಿ ಇರ್ನಿಲ್ಲ. ನೀವು ಹೊತ್ಹೊತ್ತಿಗೆ ಉಣ್ಣಿ. ನಾನಿಲ್ದೋದ್ರೆ ನಿಮ್ಗೆ ಇಕ್ಕೋರಿಲ್ಲ."

ಮುಂದಿನಿಂದ ಅಪ್ಪ ಕೂಗಿದ. ಬಿಸಿಲೇರುವ ಮುಂಚೆ ಊರು ಸೇರಬೇಕಿತ್ತು. ವೆಂಕಟಿಯ ಕುಪ್ಪಸ ಎದೆಯ ಮೇಲೆ ಎರಡು ಕಡೆ ಹಾಲಿನಿಂದ ನೆನೆದಿತ್ತು. ಅವಳು ಸೆರಗನ್ನು ಎಳೆದು ಅದರ ಮೇಲೆ ಬಿಗಿಯಾಗಿ ಹೊದ್ದುಕೊಂಡು, ಅಪ್ಪನ ಹಿಂದೆ ಸ್ವಲ್ಪ ಓಡುನಡಿಗೆಯಲ್ಲೇ ಹೋದಳು.